ಬಗ್ಗಿಗೆ ಎಷ್ಟು ಆಂಪಿಯರ್ ಬೇಕು?

ಈಚೆಗೆ ಈ ಅಂಕಣಕ್ಕೆ ಒಂದೇ ಪ್ರಶ್ನೆ ಬೇರೆ ಬೇರೆ ವಿಳಾಸಗಳಿಂದ ಬರುತ್ತಿದೆ. ಕೇಳುವವರು ಬಹುಪಾಲು ಅಪಾರ್ಟ್‌ಮೆಂಟ್ ಸಂಘದ ಕಾರ್ಯದರ್ಶಿಗಳು, ಖಜಾಂಚಿಗಳು. ನಡುನಡುವೆ ರೆಸಾರ್ಟಿನ ಮ್ಯಾನೇಜರು, ಕಾಲೇಜು ಕ್ಯಾಂಪಸ್ಸಿನ ಮೇಲ್ವಿಚಾರಕರೂ ಇರುತ್ತಾರೆ. ‘ನಮ್ಮ ಬ್ಯಾಟರಿ ಗಾಡಿ ಈಗ ಏರು ಹತ್ತುತ್ತಿಲ್ಲ, ಮಧ್ಯಾಹ್ನಕ್ಕೇ ನಿಂತುಬಿಡುತ್ತದೆ. ಲಿಥಿಯಂ ಹಾಕಿಸಬಹುದಾ? ಹಾಕಿಸುವಾಗಲೇ ಕಂಟ್ರೋಲರ್ ಬದಲಿಸಿ ಸ್ಪೀಡೂ ಸ್ವಲ್ಪ ಜಾಸ್ತಿ ಮಾಡಿಸಬಹುದಾ?’ ಲಿಥಿಯಂ ಹಾಕಿಸಬಹುದು. ಕಂಟ್ರೋಲರಿಗೂ ಕೈ ಹಾಕಲೇಬೇಕು. ಆದರೆ ಅದರೊಳಗಿನ ಅಂಕಿಗಳನ್ನು ಏರಿಸುವುದಕ್ಕಿಂತ ಇಳಿಸುವುದಕ್ಕೇ ಹೆಚ್ಚು ಕೈ ಹಾಕಬೇಕಾಗುತ್ತದೆ ಎಂದರೆ ಕೇಳಿದವರ ಮುಖ ಸಪ್ಪಗಾಗುತ್ತದೆ. ಯಾಕೆ ಹಾಗೆನ್ನುತ್ತೇನೆ ಎಂಬುದನ್ನು ಇವತ್ತು ಲೆಕ್ಕ ಸಮೇತ ಬರೆಯುತ್ತೇನೆ.

ಈ ಪ್ರಶ್ನೆ ಉತ್ತರ ಬೆಂಗಳೂರಿನಿಂದಲೇ ಹೆಚ್ಚು ಬರುವುದಕ್ಕೆ ಕಾರಣವಿದೆ. 2008ರ ಮೇ ತಿಂಗಳಲ್ಲಿ ದೇವನಹಳ್ಳಿಯ ವಿಮಾನ ನಿಲ್ದಾಣ ಶುರುವಾದ ಮೇಲೆ ಹೆಬ್ಬಾಳದಿಂದಾಚೆ ಬಳ್ಳಾರಿ ರಸ್ತೆಯ ಎರಡೂ ಮಗ್ಗುಲಲ್ಲಿ ಜಕ್ಕೂರು, ಯಲಹಂಕ, ಬಾಗಲೂರುಗಳ ಕಡೆ ಎಕರೆಗಟ್ಟಲೆ ಹರಡಿದ ವಸತಿ ಸಮುಚ್ಚಯಗಳು ಎದ್ದವು. ಮುಖ್ಯ ಗೇಟಿನಿಂದ ಕೊನೆಯ ಟವರಿಗೆ ನಡೆದು ಹೋಗುವುದು ಮಂಡಿನೋವಿನ ಅಜ್ಜ ಅಜ್ಜಿಯರಿಗೆ ಕಷ್ಟ. ಹಾಗಾಗಿ ಗಾಲ್ಫ್ ಮೈದಾನದ ಗಾಡಿ, ಅಂದರೆ ಬಗ್ಗಿ, ನಮ್ಮ ಬಡಾವಣೆಗಳ ಒಳಗೆ ಬಂತು. ಲಾಲ್‌ಬಾಗಿನಲ್ಲೂ ಮೈಸೂರಿನ ಮೃಗಾಲಯದಲ್ಲೂ ಜನ ಹತ್ತಿ ಕೂರುವುದು ಇದೇ ವಂಶದ ಗಾಡಿಗೆ. ಗಾಲ್ಫ್ ಕೋಲನ್ನು ಕೈಯಲ್ಲಿ ಹಿಡಿಯದವರೂ ಈಗ ಗಾಲ್ಫ್ ಕಾರ್ಟಿನ ಮಾಲೀಕರು. ಗಾಡಿಗಳಿಗೆ ವಯಸ್ಸಾಗಿದೆ, ಬ್ಯಾಟರಿಗಳು ಸೊರಗಿವೆ. ಸಂಘದ ಸಭೆಯಲ್ಲಿ ಕೊಟೇಶನ್ನುಗಳು ಓಡಾಡುತ್ತಿವೆ.

ಬೆಂಗಳೂರಿಗೆ ಈ ವಿದ್ಯೆ ಹೊಸದೇನಲ್ಲ. 1994ರಲ್ಲಿ ಮೈನಿ ಸಮೂಹ ಅಮೆರಿಕದ ಅಮೆರಿಗಾನ್ ಸಂಸ್ಥೆಯ ಜೊತೆ ಸೇರಿ ಕಟ್ಟಿದ ರೇವಾ ಕಂಪನಿ, 2001ರಲ್ಲಿ ಇದೇ ಊರಿನ ರಸ್ತೆಗೆ ಎರಡು ಬಾಗಿಲಿನ ಪುಟ್ಟ ವಿದ್ಯುತ್ ಕಾರನ್ನು ಇಳಿಸಿತು. ಅದರ ಹಿಂದಿದ್ದ ಚೇತನ್ ಮೈನಿ ಮಿಶಿಗನ್ ವಿಶ್ವವಿದ್ಯಾಲಯದಲ್ಲಿ ಓದುವಾಗ ಸೌರಶಕ್ತಿ ಕಾರಿನ ತಂಡದಲ್ಲಿದ್ದವರು. ಆ ಮೊದಲ ರೇವಾದ ಸೀಟಿನ ಕೆಳಗಿದ್ದದ್ದು ಆರು ವೋಲ್ಟಿನ ಎಂಟು ಲೆಡ್ ಆಸಿಡ್ ಬ್ಯಾಟರಿ, ಒಟ್ಟು 48 ವೋಲ್ಟ್. ಜೊತೆಗೊಂದು ಡಿಸಿ ಮೋಟರು, ಅದನ್ನು ನಡೆಸಲು 400 ಆಂಪಿಯರಿನ ಕಂಟ್ರೋಲರು. ಮೇಲಿನ ತಗಡು, ಬಾಗಿಲು, ಗಾಜುಗಳನ್ನು ಕಳಚಿಟ್ಟು ನೋಡಿದರೆ ನಿಮ್ಮ ಬಡಾವಣೆಯ ಬಗ್ಗಿಯ ಒಳಗಿರುವುದೂ ಹೆಚ್ಚುಕಡಿಮೆ ಇಷ್ಟೇ. ಮುಂದೆ ಅದೇ ಕಾರಿಗೆ ಎಸಿ ಇಂಡಕ್ಷನ್ ಮೋಟರು ಬಂತು, 2009ರಲ್ಲಿ ಲಿಥಿಯಂ ಮಾದರಿ ಬಂತು. 2010ರಲ್ಲಿ ಕಂಪನಿಯ ಹೆಚ್ಚಿನ ಪಾಲು ಮಹೀಂದ್ರಾಕ್ಕೆ ಹೋಯಿತು. 2013ರಲ್ಲಿ ಹೊರಬಂದ ಇ2ಒ ಕಾರು ಹುಟ್ಟಿದ್ದೇ ಲಿಥಿಯಂ ಬ್ಯಾಟರಿಯೊಡನೆ. ಅಂದರೆ ನಿಮ್ಮ ಸಂಘ ಇಂದು ಮಾಡಹೊರಟಿರುವ ಬದಲಾವಣೆಯನ್ನು ಈ ಊರಿನ ಒಂದು ಕಾರ್ಖಾನೆ ಒಂದೂವರೆ ದಶಕದ ಹಿಂದೆಯೇ ಮಾಡಿ ಮುಗಿಸಿದೆ. ಅಲ್ಲಿ ಗಮನಿಸಬೇಕಾದ ಸಂಗತಿ ಇಷ್ಟು: ಬ್ಯಾಟರಿಯ ಜಾತಿ ಬದಲಾದಾಗ ಚಾರ್ಜರು, ಕಂಟ್ರೋಲರು, ಮೀಟರು ಎಲ್ಲವನ್ನೂ ಒಟ್ಟಿಗೆ ಕೂರಿಸಿ ಹೊಂದಿಸಲೇಬೇಕು. ಕಾರ್ಖಾನೆಯಲ್ಲಿ ಆ ಕೆಲಸಕ್ಕೆ ಎಂಜಿನಿಯರುಗಳು ಇರುತ್ತಾರೆ. ನಮ್ಮ ಬಡಾವಣೆಯಲ್ಲಿ ಬ್ಯಾಟರಿ ಮಾರುವವನು ಬ್ಯಾಟರಿ ಇಟ್ಟು ಹೋಗುತ್ತಾನೆ, ಮಿಕ್ಕದ್ದು ಯಾರ ಪಾಲಿಗೂ ಇರುವುದಿಲ್ಲ.

ಕೊಟೇಶನ್ ತರಿಸುವ ಮೊದಲು ಹಳೆಯ ಬ್ಯಾಟರಿ ಸತ್ತದ್ದು ಹೇಗೆ ಎಂದು ನೋಡಿಬಿಡಿ. ನಾನು ಮುಚ್ಚಳ ತೆಗೆದು ನೋಡಿರುವ ಗಾಡಿಗಳಲ್ಲಿ ವಯಸ್ಸಿನಿಂದ ಸತ್ತ ಬ್ಯಾಟರಿ ಅಪರೂಪ. ಡಿಸ್ಟಿಲ್ಡ್ ವಾಟರ್ ಹಾಕುವ ಕೆಲಸ ಸೆಕ್ಯುರಿಟಿಯವರದೋ ಎಲೆಕ್ಟ್ರಿಷಿಯನ್ನನದೋ ಎಂದು ತೀರ್ಮಾನವಾಗದೆ, ತಟ್ಟೆಗಳು ಒಣಗಿ ಸತ್ತವೇ ಹೆಚ್ಚು. ಇನ್ನೊಂದು ಸಾಮಾನ್ಯ ಕಾರಣ ಹಾರ್ನು ಮತ್ತು ಹೆಡ್‌ಲೈಟು. ಅವಕ್ಕೆ 12 ವೋಲ್ಟ್ ಬೇಕು ಎಂದು ಸಾಲಿನಲ್ಲಿರುವ ಎರಡೇ ಎರಡು ಬ್ಯಾಟರಿಗಳಿಂದ ವೈರ್ ಎಳೆದುಬಿಟ್ಟಿರುತ್ತಾರೆ. ಆ ಎರಡು ಪ್ರತಿದಿನವೂ ಮಿಕ್ಕವುಗಳಿಗಿಂತ ಹೆಚ್ಚು ಖಾಲಿಯಾಗುತ್ತವೆ, ಚಾರ್ಜರು ಮಾತ್ರ ಎಂಟನ್ನೂ ಒಂದೇ ಎಂದು ಭಾವಿಸಿ ತುಂಬುತ್ತದೆ. ಕೆಲವೇ ತಿಂಗಳಲ್ಲಿ ಎರಡು ಕುಸಿಯುತ್ತವೆ, ಅವು ಮಿಕ್ಕ ಆರನ್ನೂ ಎಳೆದುಕೊಂಡು ಹೋಗುತ್ತವೆ. ಹೈಡ್ರೋಮೀಟರ್ ಹಾಕಿ ಪ್ರತಿ ಸೆಲ್ಲಿನ ಸಾಂದ್ರತೆ ನೋಡಿದರೆ ಈ ಕಥೆ ಹತ್ತು ನಿಮಿಷದಲ್ಲಿ ಬಯಲಾಗುತ್ತದೆ. ಪೂರ್ತಿ ಚಾರ್ಜಾದ ಒಳ್ಳೆಯ ಸೆಲ್ಲು 1.265ರ ಮೇಲಿರಬೇಕು.

ಬ್ಯಾಟರಿಯ ತಪ್ಪೇ ಇಲ್ಲದ ಸಂದರ್ಭವೂ ಉಂಟು. ಯಲಹಂಕ ಉಪನಗರದ ಕಡೆಯ ಒಂದು ಸಮುಚ್ಚಯದವರು ‘ಮೋಟರ್ ವೀಕ್ ಆಗಿದೆ’ ಎಂದು ಕರೆದಾಗ ಯಶವಂತಪುರದ ಕಡೆಯ ಪರಿಚಯದ ಮೆಕ್ಯಾನಿಕ್ ಒಬ್ಬರನ್ನು ಜೊತೆಗೆ ಕರೆದುಕೊಂಡು ಹೋಗಿದ್ದೆ. ಅವರು ಮೋಟರಿನ ಹತ್ತಿರವೂ ಸುಳಿಯಲಿಲ್ಲ. ಗಾಡಿಯನ್ನು ಒಂದು ಸುತ್ತು ಏರಿನ ಮೇಲೆ ಓಡಿಸಿ ನಿಲ್ಲಿಸಿದವರೇ ಕೇಬಲ್ಲಿನ ತುದಿಯ ಲಗ್ಗುಗಳ ಬಳಿ ಒಂದೊಂದಾಗಿ ಕೈ ಹಿಡಿದು ಶಾಖ ನೋಡುತ್ತ ಹೋದರು. ಒಂದರ ಬಳಿ ಕೈ ಸರಕ್ಕನೆ ಹಿಂದೆ ಬಂತು. ಹಸಿರು ಕಟ್ಟಿದ ಆ ಒಂದು ಜೋಡಣೆಯಲ್ಲಿ ಅರ್ಧ ವೋಲ್ಟ್ ಸೋರುತ್ತಿದ್ದರೂ 100 ಆಂಪಿಯರ್ ಹರಿಯುವಾಗ 50 ವಾಟ್ ಅಲ್ಲೇ ಬಿಸಿಯಾಗಿ ಹೋಗುತ್ತದೆ. ಇಂಥ ಮೂರ್ನಾಲ್ಕು ಕೊಳಕು ಜೋಡಣೆ, ಗಾಳಿ ಇಳಿದ ಟೈರು, ಹಿಡಿದುಕೊಂಡೇ ಇರುವ ಹಿಂದಿನ ಡ್ರಮ್ ಬ್ರೇಕು ಸೇರಿದರೆ ಹೊಸ ಬ್ಯಾಟರಿಯೂ ಹಳೆಯದರಂತೆಯೇ ನರಳುತ್ತದೆ. ಆದ್ದರಿಂದ ಮೊದಲು ಇವನ್ನು ಸರಿಮಾಡಿಸಿ. ಆಮೇಲೂ ಗಾಡಿ ಏರದಿದ್ದರೆ ಖರ್ಚಿನ ಮಾತಾಡೋಣ.

ಈಗ ಏರಿನ ಲೆಕ್ಕಕ್ಕೆ ಬರೋಣ. ಬಗ್ಗಿಗೆ ಎಷ್ಟು ಶಕ್ತಿ ಬೇಕು ಎಂಬುದನ್ನು ತೀರ್ಮಾನಿಸುವುದು ನಿಮ್ಮ ಆವರಣದ ಅತಿ ಕಡಿದಾದ ಏರು, ಸಾಮಾನ್ಯವಾಗಿ ನೆಲಮಾಳಿಗೆಯ ಪಾರ್ಕಿಂಗಿನಿಂದ ಮೇಲೆ ಬರುವ ರ‍್ಯಾಂಪು. ಅದು ಎಂಟಕ್ಕೆ ಒಂದರ ಏರು ಎಂದಿಟ್ಟುಕೊಳ್ಳಿ, ಅಂದರೆ ಎಂಟು ಅಡಿ ಮುಂದೆ ಹೋದರೆ ಒಂದು ಅಡಿ ಮೇಲೆ. ಆರು ಜನ ಕೂತ ಗಾಡಿಯ ಒಟ್ಟು ತೂಕ 1000 ಕೆಜಿ ಇರಲಿ. ಆ ಏರಿನಲ್ಲಿ ಗಾಡಿಯನ್ನು ಹಿಂದಕ್ಕೆ ಜಗ್ಗುವ ಬಲ ಸುಮಾರು 1200 ನ್ಯೂಟನ್. ಗಂಟೆಗೆ 10 ಕಿಲೋಮೀಟರ್ ವೇಗದಲ್ಲಿ ಹತ್ತಿದರೆ ಚಕ್ರದಲ್ಲಿ ಬೇಕಾದ ಶಕ್ತಿ 3.4 ಕಿಲೋವಾಟ್. ಮೋಟರು, ಗೇರುಗಳಲ್ಲಿ ಕಳೆದುಹೋಗುವುದನ್ನು ಸೇರಿಸಿಕೊಂಡರೆ ಬ್ಯಾಟರಿ ಕೊಡಬೇಕಾದದ್ದು ಹತ್ತಿರ ಹತ್ತಿರ 4.8 ಕಿಲೋವಾಟ್, 48 ವೋಲ್ಟಿನಲ್ಲಿ 100 ಆಂಪಿಯರ್. ಅದೇ ಏರನ್ನು 20 ಕಿಲೋಮೀಟರ್ ವೇಗದಲ್ಲಿ ಹತ್ತುತ್ತೇನೆ ಎಂದರೆ 200 ಆಂಪಿಯರ್. ಏರು ಬದಲಾಗಿಲ್ಲ, ಕೂತವರು ಬದಲಾಗಿಲ್ಲ, ಬರೀ ಅವಸರಕ್ಕೆ 100 ಆಂಪಿಯರ್ ಹೆಚ್ಚು ತೆತ್ತಂತಾಯಿತು. ಈ ಒಂದು ಲೆಕ್ಕ ಕೈಯಲ್ಲಿದ್ದರೆ ಮಾರುವವರ ಮುಂದೆ ಅರ್ಧ ಗೆದ್ದಂತೆ.

ಲೆಡ್ ಆಸಿಡ್ ಬ್ಯಾಟರಿ ಇಂಥ ಎಳೆತಕ್ಕೆ ಹೇಗೆ ಸೋಲುತ್ತದೆ ಎಂದು ತಿಳಿಯಲು ಗಾಲ್ಫ್ ಕಾರ್ಟುಗಳಲ್ಲಿ ಬಹಳ ಹೆಸರಾದ ಟ್ರೋಜನ್ ಟಿ-105 ಎಂಬ ಆರು ವೋಲ್ಟಿನ ಬ್ಯಾಟರಿಯನ್ನೇ ನೋಡಿ. ಅದರ ಮೇಲೆ 225 ಆಂಪಿಯರ್-ಅವರ್ ಎಂದಿರುತ್ತದೆ. ಅದು 20 ಗಂಟೆಗಳ ಕಾಲ ನಿಧಾನವಾಗಿ ಖಾಲಿ ಮಾಡಿದಾಗಿನ ಅಂಕಿ. ಅದನ್ನೇ 75 ಆಂಪಿಯರಿನಂತೆ ಎಳೆದರೆ 115 ನಿಮಿಷಕ್ಕೆ ಮುಗಿಯುತ್ತದೆ ಎಂದು ಕಂಪನಿಯೇ ಹೇಳುತ್ತದೆ, ಅಂದರೆ 144 ಆಂಪಿಯರ್-ಅವರ್ ಮಾತ್ರ. ಜೋರಾಗಿ ಎಳೆದಷ್ಟೂ ಕೈಗೆ ಬರುವುದು ಕಡಿಮೆ. ಅದರ ಮೇಲೆ, ಬಾಳಿಕೆ ಬರಬೇಕಾದರೆ ಅರ್ಧಕ್ಕಿಂತ ಕೆಳಗೆ ಖಾಲಿ ಮಾಡಬಾರದೆಂಬ ನಿಯಮ ಬೇರೆ. ಲಿಥಿಯಂಗೆ ಈ ಕಾಯಿಲೆ ಬಹಳ ಕಡಿಮೆ. ಎಳೆದರೂ ಕೊಡುತ್ತದೆ, ಸಾಮರ್ಥ್ಯದ ಎಂಬತ್ತು ತೊಂಬತ್ತು ಭಾಗದವರೆಗೂ ಬಳಸಬಹುದು. ‘100 ಆಂಪಿಯರ್-ಅವರಿನ ಲಿಥಿಯಂ, 200ರ ಲೆಡ್ಡಿಗೆ ಸಮ’ ಎಂದು ಅಂಗಡಿಯವರು ಹೇಳುವ ಮಾತು ಈ ಅರ್ಥದಲ್ಲಿ ನಿಜ. ನಿಮಗೆ ಎಷ್ಟು ಬೇಕೆಂದು ತಿಳಿಯಲು ಅಂಗಡಿಗೆ ಹೋಗುವುದೂ ಬೇಡ. ಚಾರ್ಜರಿನ ಪ್ಲಗ್ಗಿಗೊಂದು ಯೂನಿಟ್ ಮೀಟರ್ ಕೂರಿಸಿ ಒಂದು ವಾರ ಬರೆದಿಡಿ. ದಿನಕ್ಕೆ ನಾಲ್ಕು ಯೂನಿಟ್ ಕುಡಿಯುವ ಗಾಡಿಗೆ ಐದು ಯೂನಿಟ್ಟಿನ ಲಿಥಿಯಂ ಸಾಕು, ಹತ್ತರದ್ದನ್ನು ಕೊಳ್ಳುವುದು ಸಂಘದ ದುಡ್ಡನ್ನು ಸೀಟಿನ ಕೆಳಗೆ ಹೂತಿಟ್ಟಂತೆ.

ತೂಕದ ಲಾಭವಂತೂ ಕಣ್ಣಿಗೆ ಕಾಣುವಂಥದ್ದು. ಟಿ-105 ಒಂದಕ್ಕೆ 28 ಕೆಜಿ, ಎಂಟಕ್ಕೆ 224 ಕೆಜಿ. ಐದು ಯೂನಿಟ್ಟಿನ ಲಿಥಿಯಂ ಪೆಟ್ಟಿಗೆ ಐವತ್ತು ಕೆಜಿಯ ಆಸುಪಾಸು. ಇಬ್ಬರು ಜನರಿಗಿಂತ ಹೆಚ್ಚಿನ ಭಾರ ಗಾಡಿಯಿಂದ ಇಳಿದುಹೋಗುತ್ತದೆ, ಕಂಟ್ರೋಲರನ್ನು ಮುಟ್ಟದೆಯೇ ಪಿಕಪ್ ಸುಧಾರಿಸುತ್ತದೆ. ಕೊಳ್ಳುವಾಗ ಕೇಳಬೇಕಾದದ್ದು ಲಿಥಿಯಂನಲ್ಲೂ ಯಾವ ಬಗೆಯದು ಎಂದು. ಲಿಥಿಯಂ ಐರನ್ ಫಾಸ್ಫೇಟ್, ಅಂಗಡಿಯ ಭಾಷೆಯಲ್ಲಿ ಎಲ್‌ಎಫ್‌ಪಿ, ಈ ಕೆಲಸಕ್ಕೆ ತಕ್ಕದ್ದು. ನಿಕಲ್, ಕೋಬಾಲ್ಟ್ ಇರುವ ಬಗೆಗಿಂತ ಇದು ಶಾಖಕ್ಕೆ ಕೆರಳುವುದು ನಿಧಾನ. ಜನ ಮಲಗುವ ಕಟ್ಟಡದ ಕೆಳಗೆ ರಾತ್ರಿಯಿಡೀ ಚಾರ್ಜಿಗೆ ಹಾಕಿಡುವ ಗಾಡಿಗೆ ನಾನು ಬೇರೆ ಬಗೆಯದನ್ನು ಒಪ್ಪುವುದಿಲ್ಲ. 3.2 ವೋಲ್ಟಿನ 16 ಸೆಲ್ಲುಗಳನ್ನು ಸಾಲಾಗಿ ಜೋಡಿಸಿದರೆ 51.2 ವೋಲ್ಟ್, ನಮ್ಮ 48 ವೋಲ್ಟಿನ ಗಾಡಿಗೆ ಹೊಂದುತ್ತದೆ. ಆ ಸಾಲನ್ನು ಕಾಯಲು ಒಳಗೊಂದು ಬಿಎಂಎಸ್ ಎಂಬ ಬೋರ್ಡು ಇರುತ್ತದೆ. ಯಾವ ಸೆಲ್ಲೂ 3.65 ವೋಲ್ಟ್ ಮೀರದಂತೆ, 2.5ಕ್ಕಿಂತ ಇಳಿಯದಂತೆ, ಮಿತಿಗಿಂತ ಹೆಚ್ಚು ಕರೆಂಟು ಹರಿಯದಂತೆ ಅದು ನೋಡಿಕೊಳ್ಳುತ್ತದೆ. ಮಿತಿ ಮೀರಿದರೆ ಅದಕ್ಕೆ ಗೊತ್ತಿರುವುದು ಒಂದೇ ದಾರಿ, ಸಂಪರ್ಕ ಕಡಿದುಬಿಡುವುದು.

ಈ ಕಡಿಯುವ ಗುಣದಿಂದಲೇ ಮುಂದಿನ ಎಲ್ಲ ಸಮಸ್ಯೆ ಹುಟ್ಟುವುದು. ಹಳೆಯ ಚಾರ್ಜರನ್ನು ನೋಡಿ. ಲೆಡ್ ಆಸಿಡ್ ಸೆಲ್ಲುಗಳನ್ನು ಸಮ ಮಾಡಲೆಂದು ಅದು ಆಗಾಗ 60 ವೋಲ್ಟ್ ದಾಟಿ ಏರುತ್ತದೆ. 16 ಸೆಲ್ಲಿನ ಲಿಥಿಯಂ ಸಹಿಸುವುದು ಹೆಚ್ಚೆಂದರೆ 58.4 ವೋಲ್ಟ್. ‘ಬಿಎಂಎಸ್ ಇದೆಯಲ್ಲ ಸರ್, ಕಟ್ ಮಾಡುತ್ತೆ’ ಎಂದು ಹೇಳಿ ಹಳೆಯ ಚಾರ್ಜರನ್ನೇ ಉಳಿಸುವವರಿದ್ದಾರೆ. ಕಟ್ಟಕಡೆಯ ಆಪತ್ತಿಗೆಂದು ಇಟ್ಟ ಕಾವಲನ್ನು ದಿನಾ ರಾತ್ರಿ ಕೆಲಸಕ್ಕೆ ಹಚ್ಚುವುದು ಸರಿಯಲ್ಲ. ಲಿಥಿಯಂಗೆ ಅದರದ್ದೇ ಚಾರ್ಜರು ಬೇಕು, ಅದರ ಬೆಲೆಯನ್ನು ಕೊಟೇಶನ್ನಿನಲ್ಲೇ ಸೇರಿಸಿ ಕೇಳಿ. ಹಾರ್ನು, ಲೈಟುಗಳಿಗೆ ಪ್ರತ್ಯೇಕ ಡಿಸಿ ಕನ್ವರ್ಟರ್ ಬೇಕು. ಡ್ಯಾಶ್‌ಬೋರ್ಡಿನ ಹಳೆಯ ಬ್ಯಾಟರಿ ಮೀಟರು ವೋಲ್ಟ್ ನೋಡಿ ಮಟ್ಟ ಹೇಳುವಂಥದ್ದು. ಲಿಥಿಯಂನ ವೋಲ್ಟೇಜು ಹೆಚ್ಚುಕಡಿಮೆ ಕೊನೆಯವರೆಗೂ ಸಪಾಟಾಗಿದ್ದು ಆಮೇಲೆ ಒಮ್ಮೆಲೇ ಬೀಳುತ್ತದೆ. ಅಲ್ಲಿಯವರೆಗೆ ‘ಫುಲ್’ ತೋರಿಸುತ್ತಿದ್ದ ಮುಳ್ಳನ್ನು ನಂಬಿದ ಡ್ರೈವರು ಕೊನೆಯ ಟವರಿನ ಹತ್ತಿರ ಸಿಕ್ಕಿಕೊಳ್ಳುತ್ತಾನೆ. ಒಳಹೋದ ಹೊರಬಂದ ಆಂಪಿಯರುಗಳನ್ನು ಎಣಿಸುವ ಮೀಟರ್ ಹಾಕಿಸಿಕೊಂಡರೆ ಈ ಪಾಡಿಲ್ಲ.

ಇನ್ನು ಕಂಟ್ರೋಲರು. ಸೀಟಿನ ಹಿಂದೆ ಅಲ್ಯೂಮಿನಿಯಂ ತಟ್ಟೆಗೆ ಅಂಟಿಕೊಂಡು ಕೂತ ಈ ಕಪ್ಪು ಪೆಟ್ಟಿಗೆಯ ಬಗ್ಗೆ ಇರುವಷ್ಟು ತಪ್ಪು ತಿಳಿವಳಿಕೆ ಬೇರೆ ಯಾವುದರ ಬಗ್ಗೆಯೂ ಇಲ್ಲ. ಅದು ಮಾಡುವುದಿಷ್ಟು: ಬ್ಯಾಟರಿಯನ್ನು ಮೋಟರಿಗೆ ಸೆಕೆಂಡಿಗೆ ಸಾವಿರಾರು ಸಲ ಜೋಡಿಸಿ ಬಿಡಿಸುತ್ತದೆ. ಜೋಡಿಸಿರುವ ಹೊತ್ತು ಹೆಚ್ಚಾದರೆ ಮೋಟರಿಗೆ ಸಿಗುವ ಸರಾಸರಿ ವೋಲ್ಟೇಜು ಹೆಚ್ಚು, ಕಡಿಮೆಯಾದರೆ ಕಡಿಮೆ. ಎಕ್ಸಲರೇಟರ್ ಒತ್ತುವುದೆಂದರೆ ಆ ಹೊತ್ತನ್ನು ಹಿಗ್ಗಿಸಿ ಎಂದು ಕೇಳುವುದು. ಇದರಿಂದಾಗಿ ಮೋಟರಿನಲ್ಲಿ ಹರಿಯುವ ಕರೆಂಟೂ ಬ್ಯಾಟರಿಯಿಂದ ಬರುವ ಕರೆಂಟೂ ಒಂದೇ ಆಗಿರಬೇಕಿಲ್ಲ. ನಿಂತ ಗಾಡಿ ಹೊರಡುವಾಗ ಮೋಟರಿಗೆ ಬರೀ 10 ವೋಲ್ಟಿನಲ್ಲಿ 300 ಆಂಪಿಯರ್ ಹರಿಯುತ್ತಿದ್ದರೆ ಬ್ಯಾಟರಿ 48 ವೋಲ್ಟಿನಲ್ಲಿ ಕೊಡುತ್ತಿರುವುದು ಸುಮಾರು 63 ಆಂಪಿಯರ್ ಮಾತ್ರ. ಚಕ್ರ ತಿರುಗಿಸುವ ಬಲ ಮೋಟರಿನ ಕರೆಂಟಿನಿಂದ ಬರುತ್ತದೆ, ವೇಗ ವೋಲ್ಟೇಜಿನಿಂದ. ಆದ್ದರಿಂದ ನಿಧಾನವಾಗಿ ಏರು ಹತ್ತಲು ಮೋಟರಿಗೆ ಧಾರಾಳ ಕರೆಂಟು ಕೊಡಬಹುದು, ಬ್ಯಾಟರಿಗೆ ಅದರ ಬಿಸಿ ತಟ್ಟುವುದಿಲ್ಲ. ಬಿಸಿ ತಟ್ಟುವುದು ಏರಿನಲ್ಲಿ ವೇಗವೂ ಬೇಕು ಎಂದಾಗ. ಆಗ ಜೋಡಿಸಿದ ಹೊತ್ತು ಪೂರ್ತಿಯಾಗಿ ಎರಡೂ ಕರೆಂಟು ಒಂದಾಗುತ್ತವೆ.

ಈಗ ಒಂದು ಸಾಮಾನ್ಯ ಅವಘಡದ ಬುಡ ಅರ್ಥವಾದೀತು. ಗಾಡಿಯಲ್ಲಿರುವುದು 400 ಆಂಪಿಯರ್ ಕಂಟ್ರೋಲರು. ಹೊಸ ಲಿಥಿಯಂ ಪೆಟ್ಟಿಗೆಯ ಬಿಎಂಎಸ್ ಸತತವಾಗಿ 100 ಆಂಪಿಯರ್ ಕೊಡುವಂಥದ್ದು, ಅಗ್ಗದ ಕೊಟೇಶನ್ನುಗಳಲ್ಲಿ ಇರುವುದು ಸಾಮಾನ್ಯವಾಗಿ ಅದೇ. ಸಪಾಟು ನೆಲದಲ್ಲಿ ಟ್ರಯಲ್ ನೋಡಿದಾಗ ಎಲ್ಲರೂ ಚಪ್ಪಾಳೆ ತಟ್ಟುತ್ತಾರೆ. ಮರುದಿನ ಆರು ಜನ ಕೂತು ರ‍್ಯಾಂಪಿಗೆ ಬಂದಾಗ ಡ್ರೈವರು ಪೆಡಲ್ ಪೂರ್ತಿ ತುಳಿಯುತ್ತಾನೆ, ಬಿಎಂಎಸ್ ಕಡಿಯುತ್ತದೆ, ಗಾಡಿ ಏರಿನ ನಡುವೆ ಸತ್ತು ಹಿಂದಕ್ಕೆ ಜಾರುತ್ತದೆ. ಹಳೆಯ ಲೆಡ್ ಬ್ಯಾಟರಿಯಾಗಿದ್ದರೆ ಉಸಿರು ಬಿಡುತ್ತ ನಿಧಾನವಾಗುತ್ತಿತ್ತು, ಕಡಿಯುತ್ತಿರಲಿಲ್ಲ. ಬಗ್ಗಿಗಳಲ್ಲಿ ಬಹುತೇಕ ಬ್ರೇಕು ಇರುವುದು ಹಿಂದಿನ ಎರಡು ಚಕ್ರಕ್ಕೆ ಮಾತ್ರ ಎಂಬುದನ್ನು ನೆನಪಿಟ್ಟುಕೊಂಡರೆ ಇದರ ಗಾಂಭೀರ್ಯ ತಿಳಿಯುತ್ತದೆ. ಹಾಗಾಗಿ ಮೊದಲ ಟ್ಯೂನಿಂಗು ಇಲ್ಲಿಂದಲೇ: ಏರಿನ ಲೆಕ್ಕದಲ್ಲಿ ಬಂದ ಆಂಪಿಯರಿಗೆ ಒಂದಿಷ್ಟು ಸೇರಿಸಿ ಅಷ್ಟನ್ನು ಸತತವಾಗಿ ಕೊಡುವ ಬಿಎಂಎಸ್ ಇರುವ ಬ್ಯಾಟರಿ ತನ್ನಿ, ಕಂಟ್ರೋಲರಿನ ಕರೆಂಟ್ ಮಿತಿಯನ್ನೂ ಏರಿನ ವೇಗವನ್ನೂ ಆ ಬಿಎಂಎಸ್ಸಿನ ಮಿತಿಯೊಳಗೆ ಇಳಿಸಿ. ಕರ್ಟಿಸ್‌ನಂಥ ಕಂಪನಿಗಳ ಪ್ರೋಗ್ರಾಮ್ ಮಾಡಬಲ್ಲ ಕಂಟ್ರೋಲರುಗಳಿಗೆ ಕೈಯಲ್ಲಿ ಹಿಡಿಯುವ ಒಂದು ಪ್ರೋಗ್ರಾಮರ್ ಸಿಗುತ್ತದೆ. ಅದನ್ನು ಇಟ್ಟುಕೊಂಡಿರುವ ಮೆಕ್ಯಾನಿಕ್ಕನ್ನು ಹುಡುಕುವುದು ಬ್ಯಾಟರಿಯವನನ್ನು ಹುಡುಕುವುದಕ್ಕಿಂತ ಮುಖ್ಯ.

ಎರಡನೆಯ ಅಂಕಿ ಕಡಿಮೆ ವೋಲ್ಟೇಜಿನದು. ಲೆಡ್ ಆಸಿಡ್ ಕಾಲದಲ್ಲಿ ಬ್ಯಾಟರಿ 42 ವೋಲ್ಟಿಗೆ ಇಳಿದಾಗ ಕಂಟ್ರೋಲರು ಕೈ ಬಿಗಿಹಿಡಿಯುವಂತೆ ಇಟ್ಟಿರುತ್ತಾರೆ. ಲಿಥಿಯಂನಲ್ಲಿ ಅಷ್ಟು ಇಳಿಯುವ ಹೊತ್ತಿಗೆ ಯಾವುದಾದರೂ ಒಂದು ಸೆಲ್ಲು ತಳ ಮುಟ್ಟಿ ಬಿಎಂಎಸ್ ಕಡಿದುಬಿಟ್ಟಿರುತ್ತದೆ. ಈ ಮಿತಿಯನ್ನು 46 ವೋಲ್ಟಿನ ಆಸುಪಾಸಿಗೆ ಏರಿಸಿದರೆ ಕಂಟ್ರೋಲರೇ ಮೊದಲು ನಿಧಾನವಾಗುತ್ತದೆ, ಡ್ರೈವರಿಗೆ ಸೂಚನೆ ಸಿಗುತ್ತದೆ, ತೆವಳುತ್ತಲಾದರೂ ಗಾಡಿ ಚಾರ್ಜಿಂಗ್ ಜಾಗ ಸೇರುತ್ತದೆ. ನಾನು ಏರಿಸಿ ಎನ್ನುವುದು ಇದೊಂದನ್ನೇ.

ಮೂರನೆಯದು ಇಳಿಜಾರಿನ ವಿಷಯ. ನಿಮ್ಮ ಗಾಡಿಯ ಮೋಟರು ಯಾವ ಬಗೆಯದು ಎಂದು ತಿಳಿದುಕೊಳ್ಳಿ. ಹಳೆಯ ಸೀರೀಸ್ ಮೋಟರಿನ ಗಾಡಿ ಇಳಿಜಾರಿನಲ್ಲಿ ತನ್ನಷ್ಟಕ್ಕೆ ಉರುಳುತ್ತದೆ, ಹಿಡಿಯಲು ಕಾಲಿನ ಬ್ರೇಕೊಂದೇ. ಫೀಲ್ಡ್ ಸುರುಳಿಗೆ ಬೇರೆಯೇ ಕರೆಂಟು ಕೊಡುವ ಮೋಟರು, ಎಸಿ ಇಂಡಕ್ಷನ್ ಮೋಟರು ಇರುವ ಗಾಡಿಗಳಲ್ಲಿ ಪೆಡಲಿನಿಂದ ಕಾಲು ತೆಗೆದ ಕೂಡಲೇ ಮೋಟರು ಜನರೇಟರಾಗಿ ಗಾಡಿಯನ್ನು ಹಿಡಿದು ಬ್ಯಾಟರಿಗೆ ಒಂದಿಷ್ಟು ಮರಳಿಸುತ್ತದೆ. ಒಳ್ಳೆಯದೇ, ಆದರೆ ರಾತ್ರಿ ಪೂರ್ತಿ ಚಾರ್ಜಾದ ಗಾಡಿ ಬೆಳಿಗ್ಗೆ ಮೊದಲ ಕೆಲಸವಾಗಿ ಇಳಿಜಾರು ಇಳಿದರೆ? ತುಂಬಿದ ಬ್ಯಾಟರಿಗೆ ಇನ್ನಷ್ಟು ತುಂಬಲು ಹೋದಾಗ ಬಿಎಂಎಸ್ ಕಡಿಯುತ್ತದೆ. ಮರಳಿ ಬಂದ ವಿದ್ಯುತ್ತಿಗೆ ಹೋಗಲು ದಾರಿಯಿಲ್ಲದೆ ವೋಲ್ಟೇಜು ಜಿಗಿದು ಕಂಟ್ರೋಲರಿಗೆ ಪೆಟ್ಟಾಗಬಹುದು, ಅದಕ್ಕಿಂತ ಮುಖ್ಯವಾಗಿ ಹಿಡಿತ ಇದ್ದಕ್ಕಿದ್ದಂತೆ ತಪ್ಪುತ್ತದೆ. ಚಾರ್ಜರಿನ ಕೊನೆಯ ವೋಲ್ಟೇಜನ್ನು ಸ್ವಲ್ಪ ತಗ್ಗಿಸಿ ಬ್ಯಾಟರಿಯಲ್ಲಿ ಕೊಂಚ ಜಾಗ ಉಳಿಸುವುದು, ಮರಳಿಸುವ ಕರೆಂಟಿನ ಮಿತಿಯನ್ನು ಇಳಿಸುವುದು ಇದಕ್ಕೆ ಪರಿಹಾರ. ಚಾರ್ಜಿಂಗ್ ಜಾಗ ಏರಿನ ತುದಿಯಲ್ಲಿರುವ ರೆಸಾರ್ಟುಗಳವರು ಇದನ್ನು ಮರೆಯಲೇಬಾರದು. ನಂದಿ ಬೆಟ್ಟದ ಬುಡದ ಕಡೆ ಇಂಥ ನೆಲ ಬಹಳ.

ಕಣ್ಣಿಗೆ ಬೀಳದ ಇನ್ನೊಂದು ಸಣ್ಣ ಭಾಗವಿದೆ. ಕಂಟ್ರೋಲರಿನೊಳಗಿನ ಕೆಪಾಸಿಟರುಗಳು ಖಾಲಿಯಿರುವಾಗ ಬ್ಯಾಟರಿ ಜೋಡಿಸಿದರೆ ಒಮ್ಮೆಲೇ ಕರೆಂಟು ನುಗ್ಗುತ್ತದೆ. ಲೆಡ್ ಬ್ಯಾಟರಿಯ ಒಳಗಿನ ತಡೆ ಹೆಚ್ಚು, ನುಗ್ಗಾಟ ಹೇಗೋ ಸುಧಾರಿಸುತ್ತಿತ್ತು. ಲಿಥಿಯಂನ ತಡೆ ಕಡಿಮೆ, ಪ್ರತಿ ಸಲವೂ ಕಾಂಟ್ಯಾಕ್ಟರಿನ ಬಾಯಲ್ಲಿ ಕಿಡಿ ಹಾರಿ ಒಂದು ದಿನ ಅದು ಬೆಸೆದುಕೊಂಡುಬಿಡುತ್ತದೆ. ಬೆಸೆದ ಕಾಂಟ್ಯಾಕ್ಟರೆಂದರೆ ಕೀಲಿ ತೆಗೆದರೂ ಕಂಟ್ರೋಲರಿಗೆ ಹೋಗುವ ವಿದ್ಯುತ್ತು ನಿಲ್ಲದ ಗಾಡಿ. ಕಾಂಟ್ಯಾಕ್ಟರಿಗೆ ಅಡ್ಡವಾಗಿ ಕೆಲವು ನೂರು ಓಮ್‌ಗಳ ಒಂದು ರೆಸಿಸ್ಟರ್ ಹಾಕಿ ಕೆಪಾಸಿಟರುಗಳನ್ನು ಮೊದಲೇ ತುಂಬಿಸಿಟ್ಟರೆ ಸಾಕು. ಕೆಲವು ಗಾಡಿಗಳಲ್ಲಿ ಇದು ಮೊದಲಿನಿಂದಲೇ ಇರುತ್ತದೆ, ಇಲ್ಲದಿದ್ದರೆ ಹಾಕಿಸಿ. ಹಾಗೆಯೇ ಬ್ಯಾಟರಿಯ ಪಕ್ಕದಲ್ಲೇ ಡಿಸಿಗೆಂದು ಮಾಡಿದ ಫ್ಯೂಸು ಇರಲಿ. ಮನೆಯ ಎಸಿ ಎಂಸಿಬಿಯನ್ನು ಅಲ್ಲಿ ಕೂರಿಸುವ ಚಾಳಿ ನೋಡಿದ್ದೇನೆ. ಡಿಸಿ ಕಿಡಿ ಒಮ್ಮೆ ಹೊತ್ತಿದರೆ ಎಸಿಯಂತೆ ತಾನಾಗಿ ಆರುವುದಿಲ್ಲ.

ಕೊನೆಗೆ ಎಲ್ಲರೂ ಕಾಯುತ್ತಿರುವ ಸ್ಪೀಡಿನ ಮಾತು. ಮಾಡಬಹುದಾ ಎಂದರೆ ಮಾಡಬಹುದು. ಫೀಲ್ಡ್ ಕರೆಂಟು ತಗ್ಗಿಸಿದರೆ ಮೋಟರು ಇನ್ನೂ ಜೋರಾಗಿ ತಿರುಗುತ್ತದೆ, ಎಳೆಯುವ ಬಲ ಅಷ್ಟೇ ತಗ್ಗುತ್ತದೆ, ಅದೇ ಭಾರಕ್ಕೆ ಆರ್ಮೇಚರಿನ ಕರೆಂಟು ಏರಿ ಮೋಟರು ಕಾಯುತ್ತದೆ. 48 ವೋಲ್ಟಿನ ಕಂಟ್ರೋಲರಿಗೆ 72 ವೋಲ್ಟ್ ಕೊಟ್ಟು ಓಡಿಸುವ ಸಾಹಸಿಗಳೂ ಇದ್ದಾರೆ. ಅವರ ಕೆಪಾಸಿಟರುಗಳ ಗತಿ ಹೇಳಬೇಕಾಗಿಲ್ಲ. ನನ್ನ ಆಕ್ಷೇಪ ಯಂತ್ರದ ಬಗ್ಗೆ ಅಷ್ಟಿಲ್ಲ. 15ರ ವೇಗದಿಂದ 25ಕ್ಕೆ ಹೋದರೆ ಗಾಡಿ ಹೊತ್ತಿರುವ ಚಲನಶಕ್ತಿ ಸುಮಾರು ಮೂರು ಪಟ್ಟಾಗುತ್ತದೆ. ಬಾಗಿಲಿಲ್ಲದ ಗಾಡಿ, ಚಿಕ್ಕ ಚಕ್ರ, ಹಿಂದಕ್ಕೆ ಮಾತ್ರ ಬ್ರೇಕು, ಪಕ್ಕದಲ್ಲಿ ಸೈಕಲ್ ಕಲಿಯುವ ಮಕ್ಕಳು. ಗೇಟಿನಿಂದ ಕೊನೆಯ ಟವರಿಗಿರುವ ಅರ್ಧ ಕಿಲೋಮೀಟರಿನಲ್ಲಿ ಇದರಿಂದ ಉಳಿಯುವುದು ಒಂದು ನಿಮಿಷಕ್ಕಿಂತ ಕಡಿಮೆ. ನಾನಾದರೆ ಗರಿಷ್ಠ ವೇಗವನ್ನು 15ಕ್ಕೆ, ನೆಲಮಾಳಿಗೆಯಲ್ಲಿ 8ಕ್ಕೆ ಕಟ್ಟಿಹಾಕುತ್ತೇನೆ. ಹೊರಡುವಾಗಿನ ವೇಗೋತ್ಕರ್ಷವನ್ನೂ ಮೃದು ಮಾಡಿಸುತ್ತೇನೆ. ಗಾಡಿ ಜಗ್ಗಿದಾಗ ಹಿಂದಿನ ಸೀಟಿನಲ್ಲಿ ಹಿಮ್ಮುಖವಾಗಿ ಕೂತ ಅಜ್ಜಿಗೆ ಆಧಾರ ಕೈಗೆ ಸಿಗುವ ಕಂಬಿ ಒಂದೇ.

ಕಾನೂನಿನ ಒಂದು ಅಂಶವನ್ನೂ ಹೇಳಿಬಿಡುತ್ತೇನೆ. 1988ರ ಮೋಟಾರು ವಾಹನ ಕಾಯ್ದೆಯ ವ್ಯಾಖ್ಯೆಯು ಕಾರ್ಖಾನೆ ಅಥವಾ ಆವರಣದೊಳಗೆ ಮಾತ್ರ ಬಳಸಲೆಂದು ಅಳವಡಿಸಿದ ವಿಶೇಷ ಬಗೆಯ ವಾಹನವನ್ನು ಹೊರಗಿಟ್ಟಿದೆ. ನಿಮ್ಮ ಬಗ್ಗಿಗೆ ನಂಬರ್ ಪ್ಲೇಟ್ ಇಲ್ಲದಿರುವುದು ಈ ಆಸರೆಯಲ್ಲಿ. ಆದರೆ ರಸ್ತೆಯಾಚೆಗಿನ ಎರಡನೇ ಹಂತದ ಗೇಟಿಗೋ ಪಕ್ಕದ ಸೂಪರ್ ಮಾರ್ಕೆಟ್ಟಿಗೋ ಸಾರ್ವಜನಿಕ ರಸ್ತೆ ದಾಟಿ ಹೋದ ಕ್ಷಣದಲ್ಲಿ ಆ ಆಸರೆ ಇರುವುದಿಲ್ಲ. ವೇಗ ಹೆಚ್ಚಿಸಿಕೊಂಡ ಗಾಡಿಗಳಿಗೆ ಈ ಆಸೆ ಬೇಗ ಹುಟ್ಟುತ್ತದೆ. 2022ರಲ್ಲಿ ವಿದ್ಯುತ್ ಸ್ಕೂಟರುಗಳಿಗೆ ಬೆಂಕಿ ಹತ್ತಿದ ಪ್ರಕರಣಗಳಾದ ಮೇಲೆ ರಸ್ತೆಗಿಳಿಯುವ ಎರಡು, ಮೂರು ಚಕ್ರದ ವಾಹನಗಳ ಬ್ಯಾಟರಿಗೆ ಎಐಎಸ್-156 ಎಂಬ ಸುರಕ್ಷತಾ ಮಾನದಂಡವನ್ನು ಬಿಗಿಗೊಳಿಸಿ ಅದೇ ಡಿಸೆಂಬರಿನಿಂದ ಹಂತ ಹಂತವಾಗಿ ಜಾರಿ ಮಾಡಿದರು. ಆವರಣದೊಳಗಿನ ಬಗ್ಗಿಗೆ ಅದು ಕಡ್ಡಾಯವಲ್ಲದಿದ್ದರೂ ಆ ಪರೀಕ್ಷೆ ಪಾಸಾದ ಪೆಟ್ಟಿಗೆಯನ್ನೇ ಕೊಡಿ ಎಂದು ಕೇಳುವುದಕ್ಕೆ ಯಾರ ಅಡ್ಡಿಯೂ ಇಲ್ಲ. ಹಳೆಯ ಲೆಡ್ ಬ್ಯಾಟರಿಗೆ ಒಳ್ಳೆಯ ಗುಜರಿ ಬೆಲೆಯಿದೆ. ಬ್ಯಾಟರಿ ತ್ಯಾಜ್ಯ ನಿಯಮಗಳು 2022ರಲ್ಲಿ ಹೊಸದಾಗಿ ಬಂದಿವೆ. ಅದನ್ನು ಬೀದಿಯ ಗುಜರಿಯವನಿಗೆ ಹಾಕದೆ, ಬೆಲೆಯನ್ನು ಹೊಸ ಬಿಲ್ಲಿನಲ್ಲಿ ಕಳೆದುಕೊಂಡು ಮಾರಾಟಗಾರರಿಗೇ ಒಪ್ಪಿಸಿ ರಸೀದಿ ಪಡೆಯಿರಿ.

ಇಷ್ಟೆಲ್ಲ ಓದಿ ‘ಹಾಗಾದರೆ ಲೆಡ್ ಆಸಿಡ್ಡೇ ಇರಲಿ’ ಎಂದು ಯಾರಾದರೂ ಅಂದರೆ ನಾನು ತಪ್ಪೆನ್ನುವುದಿಲ್ಲ. ದಿನಕ್ಕೆ ನಾಲ್ಕಾರು ಸುತ್ತು ಸಪಾಟು ನೆಲದಲ್ಲಿ ಓಡುವ ಗಾಡಿಗೆ, ನೀರು ನೋಡಿಕೊಳ್ಳುವ ಒಬ್ಬ ಮನುಷ್ಯ ಇದ್ದರೆ, ಹಳೆಯ ಬಗೆಯೇ ಅಗ್ಗ. ಬೆಳಗಿನಿಂದ ರಾತ್ರಿಯವರೆಗೆ ಏರು ಹತ್ತಿಳಿಯುವ, ಯಾರೂ ಮುಚ್ಚಳ ತೆಗೆದು ನೋಡದ ಗಾಡಿಗೆ ಲಿಥಿಯಂ ಹಾಕಿದ ದುಡ್ಡು ಹುಟ್ಟುತ್ತದೆ. ಮುಂದಿನ ಸಂಘದ ಸಭೆಗೆ ಮಾರಾಟಗಾರರನ್ನು ಕರೆಸಿದಾಗ ಬೆಲೆ ಕೇಳುವ ಮೊದಲು ಬಿಎಂಎಸ್ ಸತತವಾಗಿ ಎಷ್ಟು ಆಂಪಿಯರ್ ಕೊಡುತ್ತದೆ, ಚಾರ್ಜರು ಎಷ್ಟು ವೋಲ್ಟಿಗೆ ನಿಲ್ಲುತ್ತದೆ, ಕಂಟ್ರೋಲರಿನ ಅಂಕಿಗಳನ್ನು ಯಾರು ಹೊಂದಿಸಿ ಬರೆದುಕೊಡುತ್ತಾರೆ ಎಂದು ಕೇಳಿ. ಮೂರಕ್ಕೂ ನೇರ ಉತ್ತರ ಕೊಟ್ಟವರನ್ನು ಉಳಿಸಿಕೊಳ್ಳಿ. ಪೂರ್ತಿ ಹಣ ಕೊಡುವುದು ಮಾತ್ರ ಆರು ಜನ ಕೂತ ಗಾಡಿಯನ್ನು ಆ ಕಡಿದಾದ ರ‍್ಯಾಂಪಿನ ನಡುವೆ ನಿಲ್ಲಿಸಿ ಮತ್ತೆ ಹೊರಡಿಸಿ ಹತ್ತಿಸಿದ ಮೇಲೆ.